ಇಂಜಿನ್ ಒಳಗೆ ನಟ್ಟು ಬಿತ್ತಾ? ಕಿಕ್ ಮುಟ್ಟುವ ಮೊದಲು ಇದನ್ನು ಓದಿ

ಭಾನುವಾರ ಮನೆ ಮುಂದೆ ಗಾಡಿ ಬಿಚ್ಚಿಕೊಂಡು ಕೂತವರು ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. ಟ್ಯಾಪೆಟ್ ನಟ್ಟು (ವಾಲ್ವ್ ಸಂದಿ ಹೊಂದಿಸುವ ನಟ್ಟು) ಕೈಜಾರಿ ಒಳಗೆ ಹೋಯ್ತು. ಪಿಸ್ಟನ್ ಲಾಕ್ ಚಿಮ್ಮಿತು, ಎಲ್ಲಿ ಬಿತ್ತೋ ಕಾಣಲಿಲ್ಲ. ಪ್ಲಗ್ ತೂತಿನೊಳಗೆ ವಾಶರ್ ಇಳಿದುಬಿಟ್ಟಿತು. ಈಗ ಏನು ಮಾಡಲಿ?

ಮೊದಲ ಉತ್ತರ ಎಲ್ಲರಿಗೂ ಒಂದೇ: ಸದ್ಯಕ್ಕೆ ಏನೂ ಮಾಡಬೇಡಿ. ಕಿಕ್ ಹೊಡೆಯಬೇಡಿ, ಸೆಲ್ಫ್ ಒತ್ತಬೇಡಿ, ಗೇರ್‌ನಲ್ಲಿಟ್ಟು ತಳ್ಳಬೇಡಿ. ಇಂಜಿನ್ ತಿರುಗದೇ ಇದ್ದರೆ ಬಿದ್ದ ಸಾಮಾನು ಬಿದ್ದಲ್ಲೇ ಇರುತ್ತದೆ, ಯಾವ ಹಾನಿಯೂ ಆಗುವುದಿಲ್ಲ. ಹಾನಿ ಶುರುವಾಗುವುದು ಇಂಜಿನ್ ತಿರುಗಿದಾಗ.

ಇಲ್ಲಿ ಬರೆದಿರುವುದು ಒಂದೇ ಸಿಲಿಂಡರ್ ಇರುವ ಪೆಟ್ರೋಲ್ ಬೈಕ್ ಮತ್ತು ಸ್ಕೂಟರ್‌ಗಳಿಗೆ. ಕಾರಿನ ವಿಷಯ ಕೊನೆಯ ಕಡೆ ಎರಡು ಮಾತಿನಲ್ಲಿ ಇದೆ.

ಯಾಕೆ ಇಷ್ಟು ಎಚ್ಚರ?

ಸ್ಪ್ಲೆಂಡರ್ ಇಂಜಿನ್ ತೆಗೆದುಕೊಳ್ಳಿ. 97.2 ಸಿಸಿ. ಪಿಸ್ಟನ್ 50 ಮಿ.ಮೀ. ಅಗಲ, ಹೋಗಿ ಬರುವ ದೂರ 49.5 ಮಿ.ಮೀ. ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಅದರ ಅಂಚಿಗೂ ಹೆಡ್‌ಗೂ (ಇಂಜಿನ್ನಿನ ಮೇಲಿನ ಮುಚ್ಚಳ, ವಾಲ್ವ್ ಇರುವುದು ಇಲ್ಲೇ) ನಡುವೆ ಉಳಿಯುವ ಜಾಗ ತೀರಾ ಕಡಿಮೆ. ಅಲ್ಲಿ ಒಂದು ಸಣ್ಣ ನಟ್ಟು ಕೂಡ ಹಿಡಿಯುವುದಿಲ್ಲ. ಐಡಲ್‌ನಲ್ಲಿ ನಿಮಿಷಕ್ಕೆ 1400 ಸುತ್ತು ಅಂದರೂ ಪಿಸ್ಟನ್ ಸೆಕೆಂಡಿಗೆ 23 ಸಲ ಮೇಲೆ ಬರುತ್ತದೆ. ಪಿಸ್ಟನ್ ಅಲ್ಯೂಮಿನಿಯಂ, ನಟ್ಟು ಉಕ್ಕು. ಯಾವುದು ಸೋಲುತ್ತದೆ ಅಂತ ಹೇಳಬೇಕಾಗಿಲ್ಲ ಅಲ್ವಾ? ನಟ್ಟು ವಾಲ್ವ್ ಕೆಳಗೆ ಸಿಕ್ಕಿಹಾಕಿಕೊಂಡರೆ ವಾಲ್ವ್ ಬಗ್ಗುತ್ತದೆ. ಆಮೇಲೆ ಕಂಪ್ರೆಶನ್, ಅಂದರೆ ಒಳಗಿನ ಒತ್ತಡ, ಹಿಡಿದು ನಿಲ್ಲುವುದಿಲ್ಲ. ಹೆಡ್ ಪ್ಯಾಕಿಂಗ್ ಹಾಕುವುದರಲ್ಲಿ ಮುಗಿಯಬೇಕಿದ್ದ ಕೆಲಸ ಪಿಸ್ಟನ್, ವಾಲ್ವ್, ಬೋರ್ (ಪಿಸ್ಟನ್ ಓಡಾಡುವ ಸಿಲಿಂಡರ್) ವರೆಗೂ ಹೋಗುತ್ತದೆ.

ಹಂತ 1: ಗಾಡಿಯನ್ನು ಇದ್ದ ಹಾಗೇ ನಿಲ್ಲಿಸಿ

ಗಾಡಿ ಸೆಂಟರ್ ಸ್ಟ್ಯಾಂಡ್ ಮೇಲೆ ಇರಲಿ, ಗೇರ್ ನ್ಯೂಟ್ರಲ್‌ನಲ್ಲಿ ಇರಲಿ. ಬ್ಯಾಟರಿಯ ಮೈನಸ್ ವೈರ್ ಬಿಚ್ಚಿಡಿ. ಮನೆಯಲ್ಲಿ ಮಕ್ಕಳಿದ್ದರೆ ಇದನ್ನು ಮರೆಯಲೇಬೇಡಿ, ಸೆಲ್ಫ್ ಬಟನ್ ಅವರಿಗೆ ಆಟದ ಸಾಮಾನು. ಪೆಟ್ರೋಲ್ ಕಾಕ್ ಇದ್ದರೆ ಮುಚ್ಚಿ. ಇಂಜಿನ್ ಬಿಸಿ ಇದ್ದರೆ ಪೂರ್ತಿ ಆರಲಿ.

ತೆರೆದಿರುವ ಬೇರೆ ಎಲ್ಲ ತೂತುಗಳಿಗೂ ಈಗಲೇ ಬಟ್ಟೆ ತುರುಕಿ. ಒಂದು ಹುಡುಕಲು ಹೋಗಿ ಇನ್ನೊಂದನ್ನು ಬೀಳಿಸಿದವರು ಬೇಕಾದಷ್ಟು ಜನ ಇದ್ದಾರೆ. ಗ್ಯಾರೇಜಿನ ಬನಿಯನ್ ವೇಸ್ಟ್ ಬೇಡ, ಅದರಿಂದ ನೂಲು ಉದುರುತ್ತದೆ. ಹಳೇ ಕಾಟನ್ ಪಂಚೆಯ ಉದ್ದನೆ ತುಂಡು ಒಳ್ಳೆಯದು.

ಹಂತ 2: ನಿಜವಾಗಲೂ ಒಳಗೇ ಬಿದ್ದಿದೆಯಾ?

ಈ ಹಂತವನ್ನು ಬಿಟ್ಟು ಮುಂದೆ ಹೋಗುವವರೇ ಜಾಸ್ತಿ. ನಾನೂ ಒಮ್ಮೆ ಎರಡು ಗಂಟೆ ಇಂಜಿನ್ ಒಳಗೆ ಹುಡುಕಿದ್ದೇನೆ. ನಟ್ಟು ಇದ್ದದ್ದು ಹೆಡ್‌ನ ಹೊರಗೆ, ತಂಪಾಗಲು ಇರುವ ರೆಕ್ಕೆಗಳ ಸಂದಿಯಲ್ಲಿ. ಮಣ್ಣು ಮೆತ್ತಿದ ಎರಡು ರೆಕ್ಕೆಗಳ ನಡುವೆ ಅಂಚು ಮಾತ್ರ ಕಾಣುವ ಹಾಗೆ ನೆಟ್ಟಗೆ ನಿಂತಿತ್ತು.

ಹಾಗಾಗಿ ಮೊದಲು ಹೊರಗೆ ಹುಡುಕಿ. ರೆಕ್ಕೆಗಳ ಸಂದಿ, ಚಾಸಿಸ್ ಪೈಪಿನ ಮೂಲೆ, ಕಾಲಿಡುವ ರಾಡ್ ಮೇಲೆ, ಪ್ಯಾಂಟಿನ ಮಡಿಕೆ, ಕೈಗವಸಿನ ಬೆರಳು. ದೀಪವನ್ನು ನೆಲದ ಮಟ್ಟಕ್ಕೆ ಹಿಡಿದು ಅಡ್ಡಡ್ಡ ಬೆಳಕು ಬಿಡಿ. ಸಣ್ಣ ಸಾಮಾನಿಗೂ ಉದ್ದ ನೆರಳು ಬೀಳುತ್ತದೆ, ಕಣ್ಣಿಗೆ ಬೇಗ ಬೀಳುತ್ತದೆ. ನೆಲ ಗುಡಿಸಿ, ಕಸದ ಮೇಲೆ ಅಯಸ್ಕಾಂತ ಆಡಿಸಿ.

ಪಿಸ್ಟನ್ ಲಾಕ್ ಚಿಮ್ಮಿದ್ದರೆ ಹುಡುಕುವ ಜಾಗ ಇನ್ನೂ ದೊಡ್ಡದು. ಪಿಸ್ಟನ್ ಲಾಕ್ ಅಂದರೆ ಪಿಸ್ಟನ್ ಪಿನ್ ಆಚೀಚೆ ಜರುಗದಂತೆ ಎರಡು ಕಡೆ ಕೂರಿಸುವ ಸ್ಪ್ರಿಂಗ್ ತಂತಿಯ ಉಂಗುರ. ಒಂದು ಕಡೆ ಬಾಯಿ ತೆರೆದಿರುತ್ತದೆ. ಅದು ನೇರ ಕೆಳಗೆ ಬೀಳುವುದಿಲ್ಲ, ಹಾರುತ್ತದೆ. ನಾಲ್ಕೈದು ಅಡಿ ದೂರದ ಗೋಡೆ ಬುಡದವರೆಗೂ ನೋಡಿ.

ಹೊರಗೆ ಎಲ್ಲೂ ಸಿಗಲಿಲ್ಲ, ಬೀಳುವುದನ್ನು ಕಣ್ಣಾರೆ ನೋಡಿಯೂ ಇಲ್ಲ. ಆಗ ಒಳಗೆ ಬಿದ್ದಿದೆ ಅಂತಲೇ ಲೆಕ್ಕ ಇಟ್ಟುಕೊಳ್ಳಿ.

ಹಂತ 3: ಬಿದ್ದದ್ದು ಏನು, ಅಯಸ್ಕಾಂತಕ್ಕೆ ಹಿಡಿಯುತ್ತದಾ?

ಬಿದ್ದ ಸಾಮಾನಿನ ಜೋಡಿ ಒಂದು ನಿಮ್ಮ ಹತ್ತಿರ ಇದ್ದೇ ಇರುತ್ತದೆ. ಇನ್ನೊಂದು ಟ್ಯಾಪೆಟ್ ನಟ್ಟು, ಇನ್ನೊಂದು ಬದಿಯ ಲಾಕ್. ಅದಕ್ಕೆ ಅಯಸ್ಕಾಂತ ತೋರಿಸಿ ನೋಡಿ. ಟ್ಯಾಪೆಟ್ ನಟ್ಟು, ಪಿಸ್ಟನ್ ಲಾಕ್, ವಾಲ್ವ್ ಲಾಕ್, ಡೋವೆಲ್ ಬುಷ್ ಸಾಮಾನ್ಯವಾಗಿ ಉಕ್ಕಿನವು, ಹಿಡಿಯುತ್ತವೆ. ಡೋವೆಲ್ ಬುಷ್ ಅಂದರೆ ಹೆಡ್ ಮತ್ತು ಬೋರ್ ಒಂದೇ ನೇರಕ್ಕೆ ಕೂರಲು ಇಡುವ ಸಣ್ಣ ಕೊಳವೆ. ತಾಮ್ರದ ವಾಶರ್, ಹಿತ್ತಾಳೆಯ ಜೆಟ್, ಅಲ್ಯೂಮಿನಿಯಂ ಚೂರು, ರಬ್ಬರ್, ಪ್ಲಗ್ಗಿನ ಪಿಂಗಾಣಿ ಇವು ಯಾವುವೂ ಹಿಡಿಯುವುದಿಲ್ಲ. ಸ್ಟೇನ್‌ಲೆಸ್ ಸ್ಕ್ರೂಗಳಲ್ಲೂ ಹಲವು ಹಿಡಿಯುವುದಿಲ್ಲ. ಹೊರಗಡೆ ಅಂಗಡಿಯಲ್ಲಿ ತಂದು ಹಾಕಿದ ಸ್ಕ್ರೂ ಆದರೆ ಇದನ್ನು ನೆನಪಿಡಿ.

ಪ್ಲಗ್ ಪಿಂಗಾಣಿ ಒಡೆದು ಬಿದ್ದಿದ್ದರೆ ಹೊರಗೆ ಸಿಕ್ಕ ಚೂರುಗಳನ್ನೆಲ್ಲ ಬಿಳಿ ಹಾಳೆ ಮೇಲೆ ಜೋಡಿಸಿ ನೋಡಿ. ಎಷ್ಟು ಕಮ್ಮಿ ಇದೆಯೋ ಅಷ್ಟು ಒಳಗಿದೆ. ಅಕ್ಕಿಕಾಳಿನಷ್ಟು ಚೂರು ಉಳಿದರೂ ಬೋರ್ ಗೀಚುತ್ತದೆ.

ಹಂತ 4: ಬೇಕಾದ ಸಾಮಾನು

ರೇಡಿಯೋ ಏರಿಯಲ್ ತರಹ ಎಳೆದು ಉದ್ದ ಮಾಡುವ ಅಯಸ್ಕಾಂತದ ಕಡ್ಡಿ. ಅದರ ತಲೆ 6 ಮಿ.ಮೀ.ಗಿಂತ ದಪ್ಪ ಇರಬಾರದು. ಹಿಂದಿನ ಗುಂಡಿ ಒತ್ತಿದರೆ ತುದಿಯಲ್ಲಿ ಉಗುರು ಬಿಚ್ಚುವ, ಬಾಗುವ ಪಿಕಪ್ ಕಡ್ಡಿ. ಹಲ್ಲಿನ ಡಾಕ್ಟರ್ ಹತ್ತಿರ ಇರುವಂಥ ಸಣ್ಣ ಕನ್ನಡಿ. ಮೊಬೈಲ್‌ಗೆ ಸಿಕ್ಕಿಸುವ ಎಂಡೋಸ್ಕೋಪ್ ಕ್ಯಾಮೆರಾ, ಅಂದರೆ ಉದ್ದ ವೈರಿನ ತುದಿಯಲ್ಲಿ ಪೆನ್ಸಿಲ್ಲಿಗಿಂತ ಸಣ್ಣ ಕ್ಯಾಮೆರಾ, ಸುತ್ತಲೂ ಪುಟ್ಟ ದೀಪ. 5.5 ಮಿ.ಮೀ. ತಲೆಯದ್ದು ಪ್ಲಗ್ ತೂತಿನಲ್ಲಿ ಹೋಗುತ್ತದೆ. ಸ್ವಲ್ಪ ಗಟ್ಟಿ ಗ್ರೀಸ್, ಒಂದು ತೆಳು ಬಿದಿರು ಕಡ್ಡಿ, ಮೀನಿನ ತೊಟ್ಟಿಗೆ ಗಾಳಿ ಬಿಡುವ ಪ್ಲಾಸ್ಟಿಕ್ ಪೈಪ್.

ಬೆಂಗಳೂರಿನವರಿಗೆ ಕಡ್ಡಿಗಳು ಜೆ.ಸಿ. ರಸ್ತೆಯಲ್ಲಿ, ಕ್ಯಾಮೆರಾ ಎಸ್.ಪಿ. ರಸ್ತೆಯಲ್ಲಿ ಸಿಗುತ್ತವೆ. ಬೇರೆ ಊರಿನಲ್ಲಿ ಹಾರ್ಡ್‌ವೇರ್ ಅಂಗಡಿ ಇಲ್ಲವೇ ಆನ್‌ಲೈನ್. ಎಲ್ಲವನ್ನೂ ಕೊಳ್ಳಬೇಕಿಲ್ಲ, ಆದರೆ ಕ್ಯಾಮೆರಾ ಮಾತ್ರ ಇರಲಿ ಅಂತ ನನ್ನ ಒತ್ತಾಯ. ಕಾಣದೆ ಕೆದಕಿದಷ್ಟೂ ಸಾಮಾನು ಇನ್ನೂ ಒಳಗೆ ಹೋಗುತ್ತದೆ.

ಅಯಸ್ಕಾಂತದ ಕಡ್ಡಿ ಬಗ್ಗೆ ಒಂದು ಮಾತು. ಬೋರ್ ಒಳಗಿನ ಗೋಡೆ ಸಾಮಾನ್ಯವಾಗಿ ಕಬ್ಬಿಣದ್ದು, ಟೈಮಿಂಗ್ ಚೈನ್ ಉಕ್ಕಿನದ್ದು. ಕಡ್ಡಿ ಇಳಿಸಿದ ಕೂಡಲೇ ಪಕ್ಕಕ್ಕೆ ಹೋಗಿ ಅವಕ್ಕೇ ಅಂಟಿಕೊಳ್ಳುತ್ತದೆ, ಕೆಳಗೆ ಹೋಗುವುದೇ ಇಲ್ಲ. ಕಡ್ಡಿಯ ತಲೆಗೆ ಸ್ಟ್ರಾ ತುಂಡೊಂದನ್ನು ತೊಡಿಸಿ, ತುದಿ ಮಾತ್ರ ಹೊರಗಿರಲಿ. ಸ್ಟ್ರಾ ಜಾರದಂತೆ ಮೇಲುಗಡೆ ಟೇಪ್ ಸುತ್ತಿ. ಆಗ ಬದಿಗಳ ಎಳೆತ ಕಮ್ಮಿಯಾಗಿ ತುದಿ ಮಾತ್ರ ಕೆಲಸ ಮಾಡುತ್ತದೆ.

ಹಂತ 5: ಬಿದ್ದ ಜಾಗಕ್ಕೆ ತಕ್ಕಂತೆ ತೆಗೆಯಿರಿ

*ಪ್ಲಗ್ ತೂತಿನಿಂದ ಬಿದ್ದಿದ್ದರೆ*

ಇಲ್ಲಿ ನಿಮ್ಮ ಗಾಡಿಯ ಬೋರ್ ಯಾವ ಕಡೆ ಮುಖ ಮಾಡಿದೆ ಅನ್ನುವುದು ಮುಖ್ಯ. ಹಳೇ ಬುಲೆಟ್‌ನಂತೆ ಬೋರ್ ನೆಟ್ಟಗೆ ನಿಂತಿದ್ದರೆ ಸಾಮಾನು ಪಿಸ್ಟನ್ ತಲೆ ಮೇಲೆ ಕೂತಿರುತ್ತದೆ. ಸ್ಪ್ಲೆಂಡರ್‌ನಂತೆ ಬೋರ್ ಮುಂದಕ್ಕೆ ಮಲಗಿದ್ದರೆ ಪಿಸ್ಟನ್ ತಲೆಯೇ ಗೋಡೆಯ ಹಾಗೆ ನಿಂತಿರುತ್ತದೆ. ಸಾಮಾನು ಬೋರಿನ ತಳದ ಗೋಡೆ ಮೇಲೆ, ಪಿಸ್ಟನ್ ಅಂಚಿಗೂ ಹೆಡ್‌ಗೂ ನಡುವೆ ಬಿದ್ದಿರುತ್ತದೆ. ಪಿಸ್ಟನ್ ಸ್ವಲ್ಪ ಮುಂದೆ ಬಂದರೂ ಅದು ಬೆಣೆಯ ಹಾಗೆ ಸಿಕ್ಕಿಕೊಳ್ಳುತ್ತದೆ. ಇಂಥ ಇಂಜಿನ್ನಿನಲ್ಲಿ ಪಿಸ್ಟನ್ ಸರಿಸಿ ಸಾಮಾನನ್ನು ಹತ್ತಿರ ತರುವ ಯೋಚನೆ ಬೇಡವೇ ಬೇಡ.

ಮೊದಲು ಕ್ಯಾಮೆರಾ ಇಳಿಸಿ. ಆಯಿಲ್ ಹನಿ, ಗುಳ್ಳೆ, ಕರಿ ಉಂಡೆ ಎಲ್ಲವೂ ನಟ್ಟಿನ ಹಾಗೇ ಹೊಳೆಯುತ್ತವೆ. ಮೋಸ ಹೋಗಬಾರದು ಅಂದರೆ, ನಿಮ್ಮ ಹತ್ತಿರ ಇರುವ ಜೋಡಿ ನಟ್ಟನ್ನು ಅದೇ ಕ್ಯಾಮೆರಾದಲ್ಲಿ ಹೊರಗೆ ಒಮ್ಮೆ ನೋಡಿಕೊಂಡಿರಿ. ಗಾತ್ರದ ಅಂದಾಜು ಸಿಗುತ್ತದೆ. ಲೆನ್ಸ್ ಮಸುಕಾದರೆ ತೆಗೆದು ಒರೆಸಿ.

ಉಕ್ಕಿನದ್ದಾದರೆ ಅಯಸ್ಕಾಂತದ ಕಡ್ಡಿ. ಮೇಲೆ ತರುವಾಗ ಹೆಚ್ಚಿನವರು ಸೋಲುವುದು ಕೊನೆಯ ಅರ್ಧ ಇಂಚಿನಲ್ಲಿ. ಪ್ಲಗ್ ನೂಲು, ಅಂದರೆ ತಿರುಗಿಸಿ ಕೂರಿಸುವ ಸುರುಳಿ ಗೆರೆ, 10 ಮಿ.ಮೀ. ಇದ್ದರೆ ಒಳಗಿನ ತೆರಪು ಸುಮಾರು 9 ಮಿ.ಮೀ. ಮಾತ್ರ. ಸಾಮಾನು ಅಡ್ಡ ಹಿಡಿದಿದ್ದರೆ ಅಂಚಿಗೆ ತಾಗಿ ಮತ್ತೆ ಬೀಳುತ್ತದೆ. ಹೋದ ದಾರಿಯಲ್ಲೇ ಬರಬಲ್ಲದು, ಆದರೆ ಹೋದ ಭಂಗಿಯಲ್ಲೇ ಬರಬೇಕು. ತೂತಿನ ಬಾಯಿಗೆ ಬಂದಾಗ ಎಳೆಯಬೇಡಿ. ಕಡ್ಡಿಯನ್ನು ನಿಧಾನ ತಿರುಗಿಸಿ, ಉದ್ದಕ್ಕೆ ನಿಂತ ಮೇಲೆ ಎತ್ತಿ.

ಅಯಸ್ಕಾಂತಕ್ಕೆ ಹಿಡಿಯದ್ದಾದರೆ ಬಿದಿರು ಕಡ್ಡಿ ತುದಿಗೆ ಗಟ್ಟಿ ಗ್ರೀಸ್ ಮೆತ್ತಿ ಅಂಟಿಸಿಕೊಂಡು ತನ್ನಿ. ಫೆವಿಕ್ವಿಕ್ ತರಹದ ಅಂಟು ಯಾವತ್ತೂ ಬೇಡ. ನಟ್ಟು ಪಿಸ್ಟನ್ನಿಗೇ ಅಂಟಿ ಕೂತರೆ ಹೆಡ್ ಬಿಚ್ಚದೆ ದಾರಿ ಇಲ್ಲ. ಮನೆಯ ವ್ಯಾಕ್ಯೂಮ್ ಕ್ಲೀನರ್ ಬಾಯಿಗೆ ಮೀನಿನ ತೊಟ್ಟಿಯ ಪೈಪ್ ಇಟ್ಟು, ಸುತ್ತ ಟೇಪ್ ಹಾಕಿ ಎಳೆಸಬಹುದು. ಸಾಮಾನು ಪೈಪಿನ ಬಾಯಿಗೆ ಕಚ್ಚಿಕೊಂಡು ಬರುತ್ತದೆ. ಆದರೆ ಪೆಟ್ರೋಲ್ ವಾಸನೆ ಇರುವಾಗ ಇದನ್ನು ಮಾಡಲೇಬೇಡಿ. ಕ್ಲೀನರ್ ಮೋಟಾರಿನ ಒಳಗೆ ಕಿಡಿ ಹಾರುತ್ತದೆ, ಪೆಟ್ರೋಲ್ ಆವಿ ಹೊತ್ತಿಕೊಳ್ಳಬಹುದು. ಕಾರ್ಬೊರೇಟರ್ ಬಿಚ್ಚಿದ್ದರೆ ಅಥವಾ ಗಾಡಿ ಈಗಷ್ಟೇ ಓಡಿ ಬಂದಿದ್ದರೆ ಈ ಉಪಾಯ ಕೈಬಿಡಿ.

*ಕಾರ್ಬೊರೇಟರ್ ಬಿಚ್ಚಿದಾಗ ಮ್ಯಾನಿಫೋಲ್ಡ್ ಒಳಗೆ ಬಿದ್ದಿದ್ದರೆ*

ಮ್ಯಾನಿಫೋಲ್ಡ್ ಅಂದರೆ ಕಾರ್ಬೊರೇಟರ್‌ನಿಂದ ಹೆಡ್‌ಗೆ ಹೋಗುವ ಕುತ್ತಿಗೆ. ಒಳಗಿನ ವಾಲ್ವ್ ಮುಚ್ಚಿದ್ದರೆ ಸಾಮಾನು ವಾಲ್ವ್ ಬೆನ್ನ ಮೇಲೆಯೇ ಕೂತಿರುತ್ತದೆ, ಸುಲಭವಾಗಿ ಸಿಗುತ್ತದೆ. ಕ್ರ್ಯಾಂಕ್ (ಪಿಸ್ಟನ್ ಜೊತೆ ಸುತ್ತುವ ಕೆಳಗಿನ ದಂಡ) ತಿರುಗಿಸಿದಿರೋ, ವಾಲ್ವ್ ತೆರೆದು ನಟ್ಟು ನೇರ ಬೋರ್ ಒಳಗೆ. ಹಾಗಾಗಿ ಮ್ಯಾನಿಫೋಲ್ಡನ್ನೇ ಬಿಚ್ಚಿ, ಹೆಡ್ ಕಡೆಯಿಂದ ನೋಡಿ. ಎರಡು ಬೋಲ್ಟಿನ ಕೆಲಸ ಅಷ್ಟೆ.

*ಟ್ಯಾಪೆಟ್ ಕವರ್ ತೆಗೆದಾಗ ಬಿದ್ದಿದ್ದರೆ*

ಗಾಬರಿ ಬೇಡ. ಇಲ್ಲಿಂದ ಸಾಮಾನು ಪಿಸ್ಟನ್ ಮೇಲಕ್ಕೆ ಹೋಗುವುದಿಲ್ಲ. ಹೆಡ್ ಒಳಗೆ ವಾಲ್ವ್ ಸ್ಪ್ರಿಂಗ್ ಸುತ್ತ ಸಣ್ಣ ಗುಂಡಿಗಳಿರುತ್ತವೆ. ಆಯಿಲ್ ಅಲ್ಲಿ ನಿಂತಿರುತ್ತದೆ, ನಟ್ಟೂ ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ಸಿರಿಂಜಿನಿಂದ ಆ ಆಯಿಲ್ ಎಳೆದು ಖಾಲಿ ಮಾಡಿ ನೋಡಿ.

ಅಲ್ಲಿಲ್ಲ ಅಂದರೆ ಟೈಮಿಂಗ್ ಚೈನ್ ಇಳಿಯುವ ಬಾವಿಗೆ ಹೋಗಿದೆ. ಟೈಮಿಂಗ್ ಚೈನ್ ಅಂದರೆ ಕ್ರ್ಯಾಂಕ್‌ನಿಂದ, ವಾಲ್ವ್ ತೆರೆಯುವ ಹೆಡ್‌ನ ಕ್ಯಾಮ್ ತಿರುಗಿಸುವ ಸಣ್ಣ ಸರಪಳಿ. ಆ ಬಾವಿ ಹೆಡ್‌ನಿಂದ ಕ್ರ್ಯಾಂಕ್ ಕೇಸಿನವರೆಗೂ ಇಳಿಯುತ್ತದೆ. ನಟ್ಟು ಚೈನಿಗೂ ಅದನ್ನು ಒತ್ತಿ ಹಿಡಿಯುವ ರಬ್ಬರ್ ಪಟ್ಟಿಗೂ ನಡುವೆ ನಿಂತಿರಬಹುದು. ಕ್ಯಾಮೆರಾ ಇಳಿಸಿ ಚೈನಿನ ಎರಡೂ ಬದಿ ನೋಡಿ. ತಳಕ್ಕೇ ಇಳಿದಿದ್ದರೆ ಚೈನ್ ಇರುವ ಕಡೆಯ ಕವರ್ ಬಿಚ್ಚಬೇಕು. ಬಹಳ ಗಾಡಿಗಳಲ್ಲಿ ಅದು ಮ್ಯಾಗ್ನೆಟ್ ಕವರ್. ಮ್ಯಾಗ್ನೆಟ್ ಅಂದರೆ ಕ್ರ್ಯಾಂಕ್ ತುದಿಯಲ್ಲಿ ತಿರುಗಿ ಕರೆಂಟ್ ಹುಟ್ಟಿಸುವ ಚಕ್ರ. ಕವರ್ ಎಳೆಯುವಾಗ ಕೆಳಗೆ ಅಗಲದ ಟ್ರೇ ಇಡಿ, ಆಯಿಲ್ ಬರಬಹುದು. ಕವರ್ ತೆಗೆದ ಮೇಲೆ ಮ್ಯಾಗ್ನೆಟ್ಟನ್ನೇ ಮೊದಲು ನೋಡಿ. ಅದರ ಒಳಸುತ್ತಿನಲ್ಲಿ ಬಲವಾದ ಅಯಸ್ಕಾಂತಗಳಿವೆ, ನಟ್ಟನ್ನು ಅದೇ ಹಿಡಿದಿಟ್ಟುಕೊಂಡಿರುತ್ತದೆ. ಮ್ಯಾಗ್ನೆಟ್ ಬಿಚ್ಚಬೇಕಾಗಿ ಬಂದರೆ ಅದಕ್ಕೆಂದೇ ಇರುವ ಪುಲ್ಲರ್ ಬೇಕು. ಸುತ್ತಿಗೆಯಿಂದ ಬಡಿದರೆ ಕ್ರ್ಯಾಂಕ್ ತುದಿ ಹಾಳಾಗುತ್ತದೆ.

ಹಳೇ ಬುಲೆಟ್‌ನಲ್ಲಿ ಟೈಮಿಂಗ್ ಚೈನ್ ಇಲ್ಲ, ವಾಲ್ವ್ ತೆರೆಸಲು ಕೆಳಗಿನಿಂದ ತಳ್ಳುವ ಉದ್ದ ಕಡ್ಡಿ, ಪುಶ್ ರಾಡ್ ಇದೆ. ಅಲ್ಲಿ ಸಾಮಾನು ಪುಶ್ ರಾಡ್ ಇಳಿಯುವ ದಾರಿಯಲ್ಲಿ ಟೈಮಿಂಗ್ ಕವರ್ ಕಡೆಗೆ ಹೋಗುತ್ತದೆ.

*ಬೋರ್ ತೆಗೆದಾಗ ಕ್ರ್ಯಾಂಕ್ ಬಾಯಿಗೆ ಬಿದ್ದಿದ್ದರೆ*

ಪಿಸ್ಟನ್ ಲಾಕ್ ಬೀಳುವುದು ಇಲ್ಲೇ. ಫೋರ್ ಸ್ಟ್ರೋಕ್ ಗಾಡಿಯಲ್ಲಿ ಅದು ಕ್ರ್ಯಾಂಕ್ ಪಕ್ಕದಿಂದ ಇಳಿದು ಆಯಿಲ್ ತಳ ಸೇರುತ್ತದೆ. ಮೊದಲು ಕನೆಕ್ಟಿಂಗ್ ರಾಡ್ ಬುಡ, ಕ್ರ್ಯಾಂಕ್ ತೂಕದ ಎರಡೂ ಬದಿ ದೀಪ ಬಿಟ್ಟು ನೋಡಿ. ಅಯಸ್ಕಾಂತದ ಕಡ್ಡಿ ಆಡಿಸಿ. ಸಿಗದಿದ್ದರೆ ಡ್ರೈನ್ ಬೋಲ್ಟ್ ಬಿಚ್ಚಿ ಆಯಿಲ್ ಇಳಿಸಿ. ಆಯಿಲ್ ನೇರ ಟ್ರೇಗೆ ಬೀಳಬಾರದು, ಟೀ ಸೋಸುವ ಜಾಲರಿ ಮೂಲಕ ಬೀಳಲಿ. ಕೊನೆಯಲ್ಲಿ ಅರ್ಧ ಲೋಟ ಹೊಸ ಆಯಿಲ್‌ನ್ನು ಮೇಲಿನಿಂದ ಹುಯ್ದರೆ ಅಂಚಿನಲ್ಲಿ ನಿಂತದ್ದೂ ಕೆಲವೊಮ್ಮೆ ಕೆಳಗೆ ಬರುತ್ತದೆ. ಡ್ರೈನ್ ತೂತಿನಿಂದಲೂ ಕಡ್ಡಿ ಹಾಕಿ ನೋಡಿ. ಆಮೇಲೆ ಇಂಜಿನ್ ಒಳಗಿನ ಆಯಿಲ್ ಜಾಲರಿ ಇರುವ ಕಡೆ ಕವರ್ ಬಿಚ್ಚಿ ನೋಡಿ.

ಆರ್‌ಎಕ್ಸ್ 100 ತರಹದ ಟೂ ಸ್ಟ್ರೋಕ್ ಗಾಡಿಯವರು ಇಲ್ಲಿ ಮೋಸ ಹೋಗುತ್ತಾರೆ. ಅದರಲ್ಲಿ ಕ್ರ್ಯಾಂಕ್ ಕೋಣೆ ಬೇರೆ, ಗೇರ್ ಆಯಿಲ್ ಕೋಣೆ ಬೇರೆ. ಗೇರ್ ಆಯಿಲ್ ಎಷ್ಟು ಇಳಿಸಿದರೂ ಲಾಕ್ ಬರುವುದಿಲ್ಲ. ಬಾಯಿಯಿಂದಲೇ ಎತ್ತಬೇಕು. ಆಗದಿದ್ದರೆ ಇಂಜಿನ್ ಇಳಿಸಿ, ತಲೆಕೆಳಗೆ ಹಿಡಿದು ಅಲುಗಾಡಿಸಬೇಕು. ಇಬ್ಬರು ಹಿಡಿದರೆ ಸುಲಭ.

ಯಾವ ಗಾಡಿಯಾದರೂ ಸರಿ, ಕ್ರ್ಯಾಂಕ್ ಬಾಯಿಗೆ ಕಂಪ್ರೆಸರ್ ಗಾಳಿ ಹೊಡೆಯಬೇಡಿ. ಲಾಕ್ ಬೇರಿಂಗ್ ಸಂದಿಗೆ ಹೋಗಿ ಕೂರಬಹುದು.

ಹಂತ 6: ಏನು ಮಾಡಿದರೂ ಸಿಗದಿದ್ದರೆ

"ಬಿಡಿ ಸಾರ್, ತಳದಲ್ಲಿ ಆಯಿಲ್ ಜೊತೆ ಬಿದ್ದಿರುತ್ತೆ, ಏನೂ ಆಗಲ್ಲ" ಅಂತ ಹೇಳುವವರು ಸಿಗುತ್ತಾರೆ. ನಾನು ಒಪ್ಪುವುದಿಲ್ಲ. ಅದೇ ಆಯಿಲ್‌ನಲ್ಲಿ ಗೇರ್ ಹಲ್ಲುಗಳು ತಿರುಗುತ್ತಿವೆ. ಗಾಡಿ ಗುಂಡಿಗೆ ಬಿದ್ದಾಗ, ಇಳಿಜಾರಿನಲ್ಲಿ ವಾಲಿದಾಗ ನಟ್ಟು ಜಾಗ ಬದಲಿಸುತ್ತದೆ. ಎರಡು ಹಲ್ಲುಗಳ ನಡುವೆ ಸಿಕ್ಕರೆ ಹಿಂದಿನ ಚಕ್ರ ಓಡುವಾಗಲೇ ಹಿಡಿದುಕೊಳ್ಳಬಹುದು. ಆಗ ಹೋಗುವುದು ಇಂಜಿನ್ ಮಾತ್ರ ಅಲ್ಲ.

ಬೋರ್ ಒಳಗೆ ಇದೆ, ಪ್ಲಗ್ ತೂತಿನಿಂದ ಬರುತ್ತಿಲ್ಲ ಅಂದರೆ ಹೆಡ್ ಬಿಚ್ಚಿ. ಹೊಸ ಹೆಡ್ ಪ್ಯಾಕಿಂಗ್ ಬೇಕು, ಟೈಮಿಂಗ್ ಗುರುತು ಸರಿಯಾಗಿ ಕೂರಿಸಬೇಕು. ಅದು ಗೊತ್ತಿಲ್ಲದಿದ್ದರೆ ಮೆಕ್ಯಾನಿಕ್ ಕರೆಸಿ. ಕ್ರ್ಯಾಂಕ್ ಕೇಸ್ ಒಡೆಯಬೇಕು, ಅಂದರೆ ಇಂಜಿನ್ನನ್ನು ಎರಡು ಹೋಳಾಗಿ ಬಿಡಿಸಬೇಕು ಅಂದಾಗಲೂ ಹಾಗೇ. ಗಾಡಿ ತಳ್ಳಿಕೊಂಡು ಹೋಗುವಾಗ ನ್ಯೂಟ್ರಲ್‌ನಲ್ಲೇ ಇರಲಿ. ಗ್ಯಾರೇಜಿನಲ್ಲಿ ಬಿಟ್ಟ ಕೂಡಲೇ ಏನು ಬಿತ್ತು, ಎಲ್ಲಿಂದ ಬಿತ್ತು, ನೀವು ಏನೇನು ಮಾಡಿ ನೋಡಿದಿರಿ ಎಲ್ಲ ಹೇಳಿ. ನಾಚಿಕೆಪಟ್ಟು ಮುಚ್ಚಿಟ್ಟರೆ ಅಲ್ಲಿನ ಹುಡುಗ ಮೊದಲು ಮಾಡುವ ಕೆಲಸ ಕಿಕ್ ಹೊಡೆಯುವುದು. ಹ್ಯಾಂಡಲ್‌ಗೆ "ಸ್ಟಾರ್ಟ್ ಮಾಡಬೇಡಿ" ಅಂತ ಚೀಟಿ ಕಟ್ಟಿಬಿಡಿ.

ಕಾರಿನವರಿಗೆ: ಆಯಿಲ್ ಹುಯ್ಯುವ ಬಾಯಿಯಿಂದ ಬಿದ್ದದ್ದು ಸಾಮಾನ್ಯವಾಗಿ ಹೆಡ್ ಮೇಲೆಯೇ ಇರುತ್ತದೆ, ವಾಲ್ವ್ ಕವರ್ ತೆಗೆದರೆ ಸಿಗುತ್ತದೆ. ಡೀಸೆಲ್ ಇಂಜಿನ್ನಿನಲ್ಲಿ ಇಂಜೆಕ್ಟರ್ ತೂತಿನಿಂದ ಬಿದ್ದಿದ್ದರೆ ನೀವು ಕೈ ಹಾಕಬೇಡಿ. ಪಿಸ್ಟನ್ ಮೇಲೆ ಉಳಿಯುವ ಜಾಗ ಅಲ್ಲಿ ಇನ್ನೂ ಕಮ್ಮಿ.

ಹಂತ 7: ಸಿಕ್ಕ ಮೇಲೆ

ಸಿಕ್ಕದ್ದನ್ನು ಜೋಡಿಯ ಪಕ್ಕ ಇಟ್ಟು ನೋಡಿ. ಪೂರ್ತಿ ಇದೆಯಾ, ತುದಿ ಮುರಿದಿದೆಯಾ? ಮುರಿದಿದ್ದರೆ ಉಳಿದ ಚೂರಿಗಾಗಿ ಮತ್ತೆ ಹುಡುಕಬೇಕು. ಪಿಸ್ಟನ್ ಲಾಕ್ ಆದರೆ ಸಿಕ್ಕದ್ದನ್ನು ಮತ್ತೆ ಹಾಕಬೇಡಿ. ಒಮ್ಮೆ ತೆಗೆದ ಲಾಕ್‌ಗೆ ಮೊದಲಿನ ಬಿಗಿ ಇರುವುದಿಲ್ಲ, ಹೊಸದು ತೀರಾ ಅಗ್ಗ. ಕೂರಿಸುವಾಗ ಅದರ ಬಾಯಿ ಪಿಸ್ಟನ್ನಿನ ಕಚ್ಚಿನ ನೇರಕ್ಕೆ ಬರಬಾರದು. ಕ್ರ್ಯಾಂಕ್ ಬಾಯಿ ಕಾಣದಂತೆ ಬಟ್ಟೆ ತುರುಕಿ, ಲಾಕ್ ಮೇಲೆ ಒಂದು ಬೆರಳು ಒತ್ತಿಟ್ಟುಕೊಂಡೇ ಕೂರಿಸಿ.

ಎಲ್ಲ ಜೋಡಿಸಿದ ಮೇಲೆ, ಪ್ಲಗ್ ಹಾಕದೆ ಇಂಜಿನ್ನನ್ನು ಕೈಯಿಂದ ತಿರುಗಿಸಿ. ಗೇರ್ ಇರುವ ಗಾಡಿಯಾದರೆ ಟಾಪ್ ಗೇರ್‌ಗೆ ಹಾಕಿ, ಹಿಂದಿನ ಚಕ್ರವನ್ನು ಕೈಯಲ್ಲಿ ನಿಧಾನ ತಿರುಗಿಸಿದರೆ ಸಾಕು. ಕಿಕ್ ಇದ್ದರೆ ಅದನ್ನು ಕೈಯಲ್ಲೇ ಒತ್ತಬಹುದು. ಫೋರ್ ಸ್ಟ್ರೋಕ್‌ನಲ್ಲಿ ಒಂದು ಪೂರ್ತಿ ಸರದಿಗೆ ಕ್ರ್ಯಾಂಕ್ ಎರಡು ಸುತ್ತು ಬರಬೇಕು. ಆದ್ದರಿಂದ ಕಡಿಮೆ ಅಂದರೂ ನಾಲ್ಕು ಸುತ್ತು ತಿರುಗಿಸಿ. ಎಲ್ಲಾದರೂ ಗಟ್ಟಿಯಾಗಿ ತಡೆದರೆ, ಟಿಕ್ ಅಂದರೆ ಅಲ್ಲೇ ನಿಲ್ಲಿಸಿ. ಬಲ ಹಾಕಿ ದಾಟಿಸಬೇಡಿ, ಹಿಂದಕ್ಕೆ ಬಿಟ್ಟು ಮತ್ತೆ ಕ್ಯಾಮೆರಾ ಹಾಕಿ.

ಪ್ಲಗ್ಗನ್ನು ಮೊದಲು ಕೈಯಲ್ಲೇ ನೂಲು ಹತ್ತಿಸಿ, ಆಮೇಲೆ ಸ್ಪ್ಯಾನರ್. ಡ್ರೈನ್ ಬೋಲ್ಟನ್ನು ಅತಿಯಾಗಿ ಬಿಗಿ ಮಾಡಬೇಡಿ, ಅಲ್ಯೂಮಿನಿಯಂ ನೂಲು ಕಿತ್ತು ಬರುತ್ತದೆ. ಆಯಿಲ್ ಮಟ್ಟ ನೋಡಿ, ಬ್ಯಾಟರಿ ವೈರ್ ಹಾಕಿ, ಗಾಡಿ ಸ್ಟಾರ್ಟ್ ಮಾಡಿ. ಎರಡು ನಿಮಿಷ ಐಡಲ್‌ನಲ್ಲೇ ಬಿಟ್ಟು ಕಿವಿಗೊಟ್ಟು ಕೇಳಿ. ಹೊಸ ಸದ್ದು ಏನೇ ಬಂದರೂ ಕೂಡಲೇ ಆಫ್.

ಸ್ಟಾರ್ಟ್ ಮಾಡುವ ಮೊದಲು ಇನ್ನೊಂದು ಎಣಿಕೆ ಇದೆ. ಹಂತ 1ರಲ್ಲಿ ತುರುಕಿದ ಬಟ್ಟೆಗಳು. ಎಷ್ಟು ತುಂಡು ಹಾಕಿದ್ದಿರೋ ಅಷ್ಟೂ ಹೊರಗೆ ಬಂದಿವೆಯಾ ಎಣಿಸಿ. ಮ್ಯಾನಿಫೋಲ್ಡ್ ಒಳಗೆ ಬಟ್ಟೆ ಮರೆತು ಕಾರ್ಬೊರೇಟರ್ ಕೂರಿಸಿ, ಗಾಡಿ ಯಾಕೆ ಸ್ಟಾರ್ಟ್ ಆಗ್ತಿಲ್ಲ ಅಂತ ಸಂಜೆವರೆಗೂ ಕಿಕ್ ಹೊಡೆದವರನ್ನು ನೋಡಿದ್ದೇನೆ. ಅದಕ್ಕೇ ಉದ್ದನೆ ತುಂಡು ಅಂದದ್ದು. ಅರ್ಧ ಗೇಣು ಬಾಲ ಯಾವಾಗಲೂ ಹೊರಗೆ ನೇತಾಡುತ್ತಿರಲಿ.